ಕಕಾರಕ್ಕೆ ಕಾದ ನಾಲ್ಕು ದಿನ

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಜಮಖಂಡಿಯ ಆಸ್ಪತ್ರೆಯೊಂದರ ಮೊದಲ ಮಹಡಿಯ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಮಂಚದ ಮೇಲೆ ಐವತ್ತನಾಲ್ಕು ವರ್ಷದ ಹೆಂಗಸು, ವೃತ್ತಿಯಿಂದ ಬಸ್ ಕಂಡಕ್ಟರ್. ಅವರ ಒಂದು ಬದಿಗೆ ತಮ್ಮ, ಇನ್ನೊಂದು ಬದಿಗೆ ಮಗಳು. ಕಾಲಿನ ಹತ್ತಿರ ಸರ್ಜನ್. ತಲೆಯ ಹತ್ತಿರ ನಾನು. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ನನ್ನ ಕೆಲಸ.

ಸರ್ಜನ್ ಬಗ್ಗಿ ನಿಧಾನವಾಗಿ ಕೇಳಿದರು. "ನೋಡ್ರಿ ಅಕ್ಕಾರ, ಕಾಲಿನ ನಂಜು ಮ್ಯಾಲ ಏರಾಕತ್ತೈತಿ. ಮೊಣಕಾಲ ಕೆಳಗ ತೆಗೀಬೇಕಾಗ್ತೈತಿ. ಆಪರೇಶನ್ ಮಾಡೂಣೇನ್ರಿ?"

ಅವರು ಬಾಯಿ ತೆರೆದರು. ತುಟಿ ಕೂಡಿದವು, ಬಿಟ್ಟವು. ಒಂದು ದನಿ ಹೊರಗೆ ಬಂತು.

"ಬ್ಯಾಡ ಅಂದ್ಲು," ಎಂದ ತಮ್ಮ.

"ಇಲ್ಲ ಮಾಮಾ, ಬೇಕ ಅಂದ್ಲು. ನಾ ಕೇಳೇನಿ," ಎಂದಳು ಮಗಳು.

ಸರ್ಜನ್ ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು. "ಮೇಡಂ, ಇದು ನಿಮ್ಮ ಕೆಲಸ. ಏನಂದ್ರು ಹೇಳ್ರಿ. ಫೈಲಿನ್ಯಾಗ ಬರೀಬೇಕು."

ಐದು ವಾರದ ಹಿಂದೆ ಆ ಹೆಂಗಸಿಗೆ ಪಾರ್ಶ್ವವಾಯು ಬಡಿದಿತ್ತು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿದ್ದರಿಂದ ಬಲಗೈ, ಬಲಗಾಲು ಸತ್ತಂತಾಗಿದ್ದವು. ಮಾತೂ ಹೋಗಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಸ್ಪರ್ಶ ತಿಳಿಯದ ಆ ಕಾಲಿನ ಹಿಮ್ಮಡಿಯಲ್ಲಿ ಹುಣ್ಣಾದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಬೆರಳುಗಳು ಕಪ್ಪಾಗಿದ್ದವು.

ನಾನು ವಾರಕ್ಕೆ ನಾಲ್ಕು ದಿನ ಜಮಖಂಡಿಯಲ್ಲಿ, ಒಂದು ದಿನ ಮುಧೋಳದಲ್ಲಿ, ಒಂದು ದಿನ ಬೀಳಗಿಯಲ್ಲಿ ಕೂರುತ್ತೇನೆ. ಈ ಹೆಂಗಸಿನ ಜೊತೆ ಐದು ವಾರದಿಂದ ಕೆಲಸ ಮಾಡಿದ್ದೆ. ಎದುರಿನವರ ಮಾತು ಅವರಿಗೆ ತಿಳಿಯುತ್ತಿತ್ತು. "ಬಾಚಣಿಗಿ ತೋರಸ್ರಿ" ಎಂದರೆ ಎಡಗೈಯಿಂದ ಬಾಚಣಿಗೆಯನ್ನೇ ತೋರಿಸುತ್ತಿದ್ದರು. ಹೇಳಬೇಕಾದದ್ದೂ ತಲೆಯೊಳಗೆ ಇತ್ತು. ಇಲ್ಲದ್ದು ಒಂದೇ: ಯಾವ ದನಿಗೆ ನಾಲಿಗೆಯನ್ನು ಎಲ್ಲಿ ಇಡಬೇಕು ಎಂಬ ನೆನಪು.

ನಮ್ಮ ವರ್ಣಮಾಲೆ ಗಂಟಲ ಕಡೆಯಿಂದ ಹೊರಟು ತುಟಿಗೆ ಬಂದು ನಿಲ್ಲುತ್ತದೆ. ಕ, ಗ ಎನ್ನುವಾಗ ನಾಲಿಗೆಯ ಹಿಂಭಾಗ ಏಳುತ್ತದೆ. ಟ, ಡ ಎನ್ನುವಾಗ ತುದಿ ಹಿಂದಕ್ಕೆ ಮಡಚುತ್ತದೆ. ತ, ದ ಎನ್ನುವಾಗ ಹಲ್ಲಿಗೆ ತಾಗುತ್ತದೆ. ಪ, ಬ, ಮ ತುಟಿಯವು. ಇವರಿಗೆ ದನಿಗಳು ಮರಳುತ್ತಿದ್ದದ್ದು ತಿರುವುಮುರುವಾಗಿ. ತುಟಿಯವು ಬಂದಿದ್ದವು. ಅದರಾಚೆ ಬಾಯಿಯ ಒಳಗೆಲ್ಲ ಕತ್ತಲೆ.

ಈಗ ಅವರಿಂದ ಎಲ್ಲರೂ ಕೇಳಬಯಸುತ್ತಿದ್ದ ಎರಡು ಮಾತುಗಳನ್ನು ನೋಡಿ. ಬೇಕ, ಬ್ಯಾಡ. ಎರಡೂ ತುಟಿಯಿಂದಲೇ ಶುರು. ವ್ಯತ್ಯಾಸವೆಲ್ಲ ಆಮೇಲೆ, ಅವರ ನಾಲಿಗೆ ಹೋಗಲಾರದ ಜಾಗದಲ್ಲಿ. ಅರ್ಥವನ್ನೇ ಬದಲಿಸಬಲ್ಲ ಅತಿ ಚಿಕ್ಕ ದನಿಗೆ ಭಾಷಾಶಾಸ್ತ್ರದವರು ಧ್ವನಿಮಾ ಎನ್ನುತ್ತಾರೆ. ಕಾಲೇಜಿನಲ್ಲಿ ಅದನ್ನು ಕಂಠಪಾಠ ಮಾಡಿದ್ದೆ. ಅಂಥದ್ದೊಂದರ ಮೇಲೆ ಒಬ್ಬರ ಕಾಲು ನಿಲ್ಲುತ್ತದೆ ಎಂದು ಅಂದುಕೊಂಡಿರಲಿಲ್ಲ.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಪರೇಶನ್ ಆಗದಿದ್ದರೆ ಅವರು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ದನಿಯ ಕೊನೆಗೆ 'ಕ್' ಎಂದು ಏನೋ ಕೇಳಿದಂತಾಗಿತ್ತು.

"ಬೇಕ ಅಂದ್ರು, ಸರ್," ಎಂದೆ.

ಸರ್ಜನ್ ಫೈಲು ಕೊಟ್ಟರು. 'ಶಸ್ತ್ರಚಿಕಿತ್ಸೆ ಬೇಕು ಎಂದು ರೋಗಿಯು ಬಾಯಿಮಾತಿನಲ್ಲಿ ತಿಳಿಸಿರುತ್ತಾರೆ' ಎಂದು ಬರೆದು ಸಹಿ ಮಾಡಿದೆ. ಪೆನ್ನು ಮುಚ್ಚಿ ತಲೆ ಎತ್ತಿದಾಗ ಮಂಚದ ಮೇಲಿನ ಹೆಂಗಸು ನನ್ನನ್ನು ನೋಡುತ್ತಿದ್ದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು.

ಪ್ರತಿ ಅಭ್ಯಾಸವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ರೂಢಿ. ಅಂದೂ ಮಾಡಿಕೊಂಡಿದ್ದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಹಾಕಿ, ವೇಗ ತಗ್ಗಿಸಿ ಕೇಳಿದೆ. ಕಕಾರ ಹುಟ್ಟಬೇಕಾದರೆ ಮೊದಲು ಉಸಿರು ಪೂರ್ತಿ ಕಟ್ಟಬೇಕು, ಕ್ಷಣದಷ್ಟು ಮೌನವಾಗಬೇಕು, ಆಮೇಲೆ ಚಿಕ್ಕದೊಂದು ಸಿಡಿತ. ಇಲ್ಲಿ ಮೌನವೇ ಇರಲಿಲ್ಲ. ಸ್ವರ ತೆರೆದುಕೊಂಡೇ ಹೋಗಿ ಉಸಿರಿನಲ್ಲಿ ಕರಗಿತ್ತು. ಅದರ ಮೇಲೆಯೇ 'ಕ್' ಎಂದು ಒಂದು ಶಬ್ದ ಬಿದ್ದಿತ್ತು. ಎಂಟನೆಯ ಸಲ ಕೇಳಿದಾಗ ಗೊತ್ತಾಯಿತು, ಅದು ಬಾಗಿಲ ಚಿಲಕ. ಅದೇ ಹೊತ್ತಿಗೆ ನರ್ಸ್ ಒಳಗೆ ಬಂದಿದ್ದಳು.

ನಾನು ಚಿಲಕದ ಮಾತು ಕೇಳಿ ಸಹಿ ಮಾಡಿದ್ದೆ.

ಡಬ್ಬಿ ಮುಚ್ಚಿದೆ. ಆಪರೇಶನ್ ಮಂಗಳವಾರ ಮಧ್ಯಾಹ್ನಕ್ಕೆ ಗೊತ್ತಾಗಿತ್ತು. ಸುಮ್ಮನಿದ್ದರೆ ಜೀವ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ತಮ್ಮ ಅಡ್ಡ ನಿಲ್ಲುತ್ತಾನೆ, ದಿನ ಹೋಗುತ್ತದೆ, ನಂಜು ಏರುತ್ತದೆ. ಅದರ ಹೊಣೆಯೂ ನನ್ನದೇ. ಬೀಳಗಿಯ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎರಡನ್ನೂ ತೂಗಿದೆ. ಯಾವ ಕಡೆ ಸರಿದರೂ ಗೋಡೆ. ಸಹಿ ಮಾಡುವಾಗ ಆ ಹೆಂಗಸು ನನ್ನನ್ನು ನೋಡಿದ್ದ ನೋಟವೊಂದೇ ಕಣ್ಣ ಮುಂದೆ ಇತ್ತು. ತಮ್ಮದೇ ಬಾಯಿಯನ್ನು ಬೇರೆಯವರು ಎತ್ತಿಕೊಂಡು ಹೋಗುವುದನ್ನು ಅವರು ಮಲಗಿಕೊಂಡೇ ನೋಡಿದ್ದರು.

ಮಂಗಳವಾರ ಸರ್ಜನ್ ಬರುವ ಮೊದಲೇ ಅವರ ಕೋಣೆಯ ಮುಂದೆ ನಿಂತಿದ್ದೆ. ರೆಕಾರ್ಡ್ ಕೇಳಿಸಿದೆ. ಅವರು ಇನ್ನೊಮ್ಮೆ ಹಾಕಿಸಿ ಕೇಳಿದರು.

"ಹಂಗಂದ್ರ ಬ್ಯಾಡ ಅಂದ್ರೇನು?"

"ಅದೂ ಗೊತ್ತಿಲ್ಲ ಸರ್. ಎರಡರಾಗ ಯಾವುದೂ ಅಲ್ಲ."

"ನೀವು ನಿನ್ನೆ ಇದನ್ನ ಹೇಳಬೇಕಾಗಿತ್ತು."

"ಹೌದು ಸರ್."

ಫೈಲಿನಲ್ಲಿ ನನ್ನ ಸಾಲಿನ ಮೇಲೆ ಗೀಟು ಹೊಡೆದು, 'ಹೇಳಿಕೆ ಹಿಂಪಡೆದಿದೆ' ಎಂದು ನನ್ನ ಕೈಯಿಂದಲೇ ಬರೆಸಿದರು. "ಗುರುವಾರ ಸಂಜಿ ತನಕ ಕಾಯ್ತೀನಿ. ಅದಕ್ಕೂ ಮೊದಲ ಜ್ವರ ಏರಿದ್ರ ಮಗಳ ಸಹಿ ತಗೊಂಡು ಮಾಡಿಬಿಡ್ತೀನಿ. ಮುಂದಿಂದು ನಾ ನೋಡ್ಕೊತೀನಿ."

ಮನೆಯವರಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಮಗಳು ಮುಧೋಳದ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಇಂಥ ಕಾಲಿನವರ ಔಷಧದ ಚೀಟಿಗಳನ್ನು ಬಹಳ ಕಂಡಿದ್ದಳು. "ನೀವು ಸುಮ್ನ ಇದ್ದಿದ್ರ ಇವತ್ತ ಆಪರೇಶನ್ ಆಗಿ ಹೋಗ್ತಿತ್ತು," ಎಂದಳು. ದನಿ ಏರಿಸಲಿಲ್ಲ. ಅದೇ ಹೆಚ್ಚು ನೋಯಿಸಿತು.

ತಮ್ಮ ಬನಹಟ್ಟಿಯಲ್ಲಿ ಆರು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವನು. ಹಠಮಾರಿ ಎಂದು ಆಸ್ಪತ್ರೆಯವರೆಲ್ಲ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಅಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಆತ ಹೇಳಿದ್ದಿಷ್ಟು: "ನಮ್ಮಪ್ಪಗೂ ಹಿಂಗ ಕಾಲ ತಗದಿದ್ರು ಮೇಡಂ. ಆತ ಬ್ಯಾಡಂದಿದ್ದ. ನಾನ ಸಹಿ ಮಾಡಿದ್ದೆ. ಎರಡ ತಿಂಗಳ ನನ್ನ ಜೋಡಿ ಮಾತಾಡದ ಸತ್ತ. ಇನ್ನೊಮ್ಮೆ ನಂಗ ಆಗಾಂಗಿಲ್ಲ."

ಕೋಣೆಯ ಕಿಟಕಿ ಜನರೇಟರಿನ ಶೆಡ್ಡಿನ ಕಡೆಗಿತ್ತು. ಸದ್ದು, ಹೊಗೆ ಎಂದು ಅದನ್ನು ಮುಚ್ಚಿಯೇ ಇಡುತ್ತಿದ್ದರು. ಒಳಗೆ ಔಷಧದ ವಾಸನೆ, ಕಾಲಿನ ವಾಸನೆ. ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಮಧ್ಯಾಹ್ನದವರೆಗೆ, ಮನೆಗೆ ಹೋದ ಹೊತ್ತು ಬಿಟ್ಟರೆ, ನಾನು ಆ ಕೋಣೆಯಲ್ಲೇ ಇದ್ದೆ. ಬುಧವಾರದ ಮುಧೋಳದ ಪಾಳಿಗೆ ಬರುವುದಿಲ್ಲ ಎಂದು ಫೋನು ಮಾಡಿದೆ.

ಮಾತು ಬಿಟ್ಟು ಬೇರೆ ದಾರಿ ಇದೆಯೇ ಎಂದು ಮೊದಲು ನೋಡಿದೆ. "ನೀವು ಕಂಡಕ್ಟರೇನ್ರಿ?" ಎಂದರೆ ತಲೆಯಾಡಿಸಿ ಹೌದೆಂದರು. "ನೀವು ಡ್ರೈವರೇನ್ರಿ?" ಎಂದರೂ ಅದೇ ತಲೆಯಾಟ. ಬೇಡವೆಂದು ತಲೆ ಅಲ್ಲಾಡಿಸಲು ಹೋದರೂ ಕತ್ತು ಹೌದಿನ ಕಡೆಗೇ ವಾಲುತ್ತಿತ್ತು. ಅದು ಅವರಿಗೂ ಗೊತ್ತಾಗಿ ಕಣ್ಣಲ್ಲಿ ನೀರು ಬಂತು. ಎರಡು ಹಾಳೆಯ ಮೇಲೆ ಕಾಲಿರುವ ಚಿತ್ರ, ಕಾಲಿಲ್ಲದ ಚಿತ್ರ ಬರೆದು ಮುಂದೆ ಹಿಡಿದೆ. ಒಮ್ಮೆ ಇದನ್ನು ಮುಟ್ಟಿದರು, ಒಮ್ಮೆ ಅದನ್ನು. ಮೂರನೆಯ ಸಲ ಎರಡನ್ನೂ ಎಡಗೈಯಿಂದ ತಳ್ಳಿಬಿಟ್ಟರು. ಬರೆಯಲು ಎಡಗೈಗೆ ಬರುತ್ತಿರಲಿಲ್ಲ.

ಇನ್ನುಳಿದದ್ದು ಕಕಾರ. ದಿಂಬು ತೆಗೆದು ತಲೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸಿದೆ. ಹಾಗೆ ಮಲಗಿದಾಗ ನಾಲಿಗೆ ತಾನಾಗಿ ಹಿಂದೆ ಜಾರುತ್ತದೆ. ಕಟ್ಟಿಗೆಯ ಪಟ್ಟಿಯಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದು "ಕ ಅನ್ರಿ" ಎಂದೆ. "ಪ" ಎಂದರು. ಮತ್ತೆ. "ಪ." ನಲವತ್ತು ಸಲ ಹಾಗೆಯೇ ನಡೆಯಿತು. ಆಮೇಲೆ ಅವರು ಬಾಯಿ ಮುಚ್ಚಿಕೊಂಡರು, ಹಲ್ಲು ಕಚ್ಚಿಕೊಂಡರು. ನಾನು ಪಟ್ಟಿ ಹಿಡಿದುಕೊಂಡು ಕೂತೇ ಇದ್ದೆ.

ಬುಧವಾರ ಬೆಳಿಗ್ಗೆ ಮಗಳು ಒಂದು ಮಾತು ಹೇಳಿದಳು. ನಾನು ಅಭ್ಯಾಸದ ಕಾರ್ಡು ಹಿಡಿದು "ಬೇಕು, ಬೇಡ" ಎಂದು ಹೇಳಿಕೊಡುತ್ತಿದ್ದೆ. ಮೈಸೂರಿನಲ್ಲಿ ಓದುವಾಗ ಮಾಡಿಕೊಂಡ ಕಾರ್ಡುಗಳು.

"ಮೇಡಂ, ನೀವು ಬೇಡ, ಬೇಡ ಅಂತೀರಿ. ನಮ್ಮ ಮನ್ಯಾಗ ಯಾರೂ ಹಂಗ ಅನ್ನಂಗಿಲ್ಲ. ಬ್ಯಾಡ ಅಂತೀವಿ. ಅವ್ವಗ ಅದು ತನ್ನ ಮಾತು ಅಂತ ಅನಸಬೇಕಲ್ಲ."

ಬೀಳಗಿಯಲ್ಲಿ ನಮ್ಮ ಮನೆಯಲ್ಲೂ ಯಾರೂ ಹಾಗೆ ಅನ್ನುವುದಿಲ್ಲ. ನಾನೇ ಅನ್ನುವುದಿಲ್ಲ. ಬೇಕು, ಬೇಡ ಎರಡರಲ್ಲೂ ಒಂದೇ ಏಕಾರ. ಬೇಕ, ಬ್ಯಾಡ ಎಂದರೆ ಸ್ವರದಲ್ಲೇ ಎರಡೂ ಬೇರೆ. ಒಂದಕ್ಕೆ ಬಾಯಿ ಕಿರಿದು, ಇನ್ನೊಂದಕ್ಕೆ ಅಗಲ. ಅವರ ನಾಲಿಗೆಗೆ ದಾರಿ ತೋರಬಹುದಾಗಿದ್ದ ಆ ವ್ಯತ್ಯಾಸವನ್ನು ಐದು ವಾರ ನಾನೇ ಕಾರ್ಡು ಹಿಡಿದು ಅಳಿಸಿದ್ದೆ. ಕಾರ್ಡುಗಳನ್ನು ಚೀಲಕ್ಕೆ ಹಾಕಿದೆ.

ಅದಾದ ಮೇಲೆ ಗಮನಿಸಿದ್ದು ಇನ್ನೊಂದು. ಮಗಳು ನೀರು ಕುಡಿಸುತ್ತ ಕೇಳಿದಳು: "ಅವ್ವಾ, ನಿಂಗ ಜೀವ ಬೇಕಲ್ಲ?" ಅವರು ಏನೋ ಅಂದರು. "ನೋಡ್ರಿ, ಬೇಕ ಅಂದ್ಲು." ಅರ್ಧ ತಾಸಿನ ಮೇಲೆ ತಮ್ಮ ಬಂದ. "ಅಕ್ಕಾ, ಕಾಲ ಕಡಸೂದು ಬ್ಯಾಡಲ್ಲ?" ಅವರು ಏನೋ ಅಂದರು. "ಬ್ಯಾಡ ಅಂದ್ಲು ನೋಡ್ರಿ." ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರೂ ತಮಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡುತ್ತಿದ್ದರು. ನಾನು ಸೋಮವಾರ ಮಾಡಿದ್ದೂ ಬೇರೆಯೇನಲ್ಲ.

ಮಧ್ಯಾಹ್ನದ ಹೊತ್ತಿಗೆ ನನಗೂ ಸಾಕಾಗಿ ಗೋಡೆಗೆ ಒರಗಿದ್ದೆ. ತಮ್ಮ ಮಂಚದ ಬದಿಗೆ ಸ್ಟೂಲಿನ ಮೇಲೆ ಕೂತಿದ್ದ.

"ಈ ದನಿ ಜಮಖಂಡಿ ಬಸ್‌ಸ್ಟ್ಯಾಂಡ್ ತುಂಬ ಕೇಳಸ್ತಿತ್ತು ಮೇಡಂ," ಎಂದ. "ಮೈಕ್ ಬೇಕಾಗಿರಲಿಲ್ಲ. ನಾ ಸೀರಿ ಗಂಟ ಹೊತ್ಗೊಂಡು ಆ ಕಡೆ ಗೇಟಿನ್ಯಾಗ ಇದ್ರೂ ಗೊತ್ತಾಗ್ತಿತ್ತು, ಅಕ್ಕನ ಗಾಡಿ ಹೊಂಟೈತಿ ಅಂತ." ಆಮೇಲೆ ತನ್ನಷ್ಟಕ್ಕೆ ಎಂಬಂತೆ, ಅಕ್ಕನ ರಾಗದಲ್ಲೇ ಊರುಗಳ ಹೆಸರು ಕೂಗಿದ: "ಬನಟ್ಟಿ, ರಬಕವೀ... ಯಾರ್ರೀ ಚಿಮ್ಮಡಾ..."

ಮಂಚದ ಮೇಲಿಂದ ಅದೇ ರಾಗ ಬಂತು. ಮಾತು ಸ್ಪಷ್ಟವಿರಲಿಲ್ಲ, ರಾಗ ಮಾತ್ರ ಸ್ಪಷ್ಟವಿತ್ತು. "ಬ...ಟ್ಟಿ. ...ಬ...ಕವೀ."

ನಾನು ಎದ್ದು ನಿಂತೆ. "ಇನ್ನೊಮ್ಮೆ ಅನ್ರಿ ಅಣ್ಣಾರ."

ಆತ ಮತ್ತೆ ಕೂಗಿದ. ಅವರೂ ಕೂಗಿದರು. 'ಕವೀ' ಎನ್ನುವಲ್ಲಿ ಕಕಾರ ಇತ್ತು. ಮೌನ, ಸಿಡಿತ, ಎರಡೂ ಇದ್ದವು. ಮೊಬೈಲಿನಲ್ಲಿ ಹಿಡಿದು ಮೂರು ಸಲ ಪರೀಕ್ಷಿಸಿದೆ. ಬಾಗಿಲಿಗೆ ಚಿಲಕ ಹಾಕಿಸಿದ್ದೆ.

ಯೋಚಿಸಿ ಆಡುವ ಮಾತು ಹೋದವರಿಗೂ ರೂಢಿಯಿಂದ ಆಡಿದ ಮಾತು ಉಳಿದಿರುವುದುಂಟು. ಅದಕ್ಕೇ ಮೊದಲ ವಾರ ಅವರಿಂದ ಒಂದು, ಎರಡು ಎಂದು ಎಣಿಕೆ, ವಾರದ ದಿನಗಳ ಹೆಸರು ಹೇಳಿಸಲು ನೋಡಿ, ಏನೂ ಬರದೆ ಕೈಬಿಟ್ಟಿದ್ದೆ. ಇಪ್ಪತ್ತು ವರ್ಷ ದಿನಕ್ಕೆ ನೂರು ಸಲ ಅವರು ಕೂಗಿದ್ದು ಏನನ್ನು ಎಂದು ನಾನು ಕೇಳಿಯೇ ಇರಲಿಲ್ಲ.

ಆ ಮಧ್ಯಾಹ್ನ, ಗುರುವಾರ ಬೆಳಿಗ್ಗೆ ಅದೇ ಕೆಲಸ. ತಮ್ಮ ಕೂಗುವುದು, ಅವರು ಹಿಂದೆಯೇ ಕೂಗುವುದು. ರಬಕವಿಯ ಮೊದಲಕ್ಷರ ಬಿಡಿಸಿದೆವು, ಕೊನೆಯಕ್ಷರ ಬಿಡಿಸಿದೆವು. 'ಬಕ' ಉಳಿಯಿತು. ಅದನ್ನು ಎಳೆದು ಬಗ್ಗಿಸಿ 'ಬೇಕ' ಮಾಡಲು ಎರಡು ತಾಸು ಹಿಡಿಯಿತು. ನಡುವೆ ಹತ್ತು ಸಲ ಪೂರ್ತಿ ಹೋಗಿಬಿಟ್ಟಿತು. ಮತ್ತೆ ಬಸ್‌ಸ್ಟ್ಯಾಂಡಿನಿಂದ ಶುರು. ಚಿಮ್ಮಡದ ಬಾಲದಿಂದ 'ಮಡ', ಅದರಿಂದ 'ಮ್ಯಾಡ', ಅದರಿಂದ 'ಬ್ಯಾಡ'. ಗುರುವಾರ ಬೆಳಿಗ್ಗೆ ಜ್ವರ ಸ್ವಲ್ಪ ಏರಿತು. ಮಗಳು ಥರ್ಮಾಮೀಟರ್ ನೋಡಿ ಯಾರಿಗೂ ಹೇಳದೆ ನನಗಷ್ಟೇ ತೋರಿಸಿದಳು. ಸರ್ಜನ್‌ಗೆ ತಿಳಿಸಲೇಬೇಕು ಎಂದೆ. "ತಿಳಸ್ರಿ. ಆದ್ರ ಮೊದಲ ಅವ್ವನ್ನ ಕೇಳ್ರಿ," ಎಂದಳು. ಮಂಗಳವಾರ ನಾನು ಸುಮ್ಮನಿರಬೇಕಿತ್ತು ಎಂದವಳು ಇವಳೇ.

ಸರ್ಜನ್‌ಗೆ ಜ್ವರದ ಸಂಗತಿ ಹೇಳಿ, ಆಗಲೇ ಕರೆದುಕೊಂಡು ಬಂದೆ. ಪ್ರಶ್ನೆ ಕೇಳುವ ರೀತಿಯನ್ನು ಮೊದಲೇ ಗೊತ್ತುಮಾಡಿದ್ದೆ. ತಮ್ಮ ಮತ್ತು ಮಗಳು ಮಂಚದ ತಲೆಯ ಹಿಂದೆ, ಅವರಿಗೆ ಕಾಣದಂತೆ ನಿಲ್ಲಬೇಕು, ಮಾತಾಡಬಾರದು. ಪ್ರಶ್ನೆ ನನ್ನದಲ್ಲ, ಸರ್ಜನ್‌ರದು. ದನಿಯಲ್ಲಿ ಏರಿಳಿತ ಇರಬಾರದು. ಒಂದೇ ಸಂಗತಿಯನ್ನು ಎರಡೂ ಕಡೆಯಿಂದ ಕೇಳಬೇಕು. ಉತ್ತರ ಕೇಳುವುದೂ ನನ್ನ ಕಿವಿಯಲ್ಲ. ನರ್ಸ್ ಅರೆತೆರೆದ ಬಾಗಿಲ ಹೊರಗೆ ನಿಂತಿರಬೇಕು. ಪ್ರಶ್ನೆಗಳನ್ನು ಸರ್ಜನ್ ರೋಗಿಯ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳುತ್ತಾರೆ, ಅವು ಅವಳಿಗೆ ಕೇಳಿಸುವುದಿಲ್ಲ. ಉತ್ತರ ಬಂದಾಗ ಕೇಳಿದ್ದನ್ನಷ್ಟೇ ಅವಳು ಚೀಟಿಯಲ್ಲಿ ಬರೆಯಬೇಕು.

ಮೊದಲು ಸುಲಭದವು. ಚಹಾದೊಳಗೆ ಉಪ್ಪು ಬೇಕೋ ಬ್ಯಾಡೋ? ಅವರು ಸರ್ಜನ್‌ರ ಮುಖವನ್ನು ಹುಚ್ಚರನ್ನು ನೋಡುವಂತೆ ನೋಡಿದರು. ಆಮೇಲೆ ಬಾಯಿ ಅಗಲಿಸಿ, ಹಣೆ ಗಂಟಿಕ್ಕಿ ಹೇಳಿದರು. ಫ್ಯಾನಿನ ಗಾಳಿ ಬೇಕೋ ಬ್ಯಾಡೋ? ಹೇಳಿದರು. ಒಂದೊಂದು ಉತ್ತರಕ್ಕೂ ಅರ್ಧ ನಿಮಿಷ ಹಿಡಿಯುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು.

ಸರ್ಜನ್ ಮತ್ತೆ ಬಾಗಿ ಕೇಳಿದರು. "ಕಾಲು ತೆಗೆಯೂದು ಬೇಕೋ, ಬ್ಯಾಡೋ?"

ಜನರೇಟರ್ ನಿಂತಿತ್ತು. ತಮ್ಮ ಮಂಚದ ಕಬ್ಬಿಣ ಹಿಡಿದುಕೊಂಡಿದ್ದ. ಅವರ ತುಟಿ ಕೂಡಿದವು. ಬಹಳ ಹೊತ್ತು ಹಾಗೆಯೇ ಇದ್ದವು. ದನಿ ಬಂತು. ನಾನು ನೆಲ ನೋಡುತ್ತಿದ್ದೆ, ಕಿವಿಯನ್ನೂ ಮುಚ್ಚಿಕೊಳ್ಳಬೇಕೆನಿಸಿತು.

"ಈ ಕಾಲು ಹಂಗ ಇಟ್ಟು, ಔಷಧ ಅಷ್ಟ ಹಾಕೂದು ಬೇಕೋ, ಬ್ಯಾಡೋ?"

ದನಿ ಬಂತು.

ಸರ್ಜನ್ ಎರಡೂ ಪ್ರಶ್ನೆಗಳನ್ನು ಹಿಂದುಮುಂದಾಗಿ ಮತ್ತೊಮ್ಮೆ ಕೇಳಿದರು. ಆಮೇಲೆ ನರ್ಸ್ ಒಳಗೆ ಬಂದು ಚೀಟಿ ಕೊಟ್ಟಳು. ಬ್ಯಾಡ, ಬೇಕ. ಅದರ ಕೆಳಗೆ ಬೇಕ, ಬ್ಯಾಡ. ಕೊನೆಗೆ ಬ್ಯಾಡ, ಬೇಕ. ಉಪ್ಪು ಬ್ಯಾಡ, ಗಾಳಿ ಬೇಕ. ಕಾಲು ತೆಗೆಯುವುದು ಬೇಕ, ಹಾಗೇ ಇಡುವುದು ಬ್ಯಾಡ. ತಿರುಗಿಸಿ ಕೇಳಿದಾಗಲೂ ಅದೇ.

ಮಗಳು ಅಳಲಿಲ್ಲ, ಗೋಡೆಗೆ ಒರಗಿ ಕೂತಳು. ತಮ್ಮ ಮುಂದೆ ಬಂದು ಅಕ್ಕನ ಎಡಗೈ ಹಿಡಿದ. "ಖರೆ ಏನ ಅಕ್ಕಾ?" ಎಂದ. ಕೂಡಲೇ ತಾನೇ ತಲೆ ಅಲ್ಲಾಡಿಸಿದ. "ಇಲ್ಲ, ಇಲ್ಲ. ನಾ ಏನೂ ಕೇಳಾಂಗಿಲ್ಲ. ನೀ ಹೇಳೀದಿ, ಮುಗೀತು." ಒಪ್ಪಿಗೆ ಪತ್ರದ ಮೇಲೆ ಅವರ ಎಡಗೈ ಹೆಬ್ಬೆಟ್ಟು ಒತ್ತಿಸಿದರು. ಕೆಳಗೆ ಸಾಕ್ಷಿಯ ಸಹಿ ತಮ್ಮನದು. ಸಂಜೆಯೊಳಗೆ ಆಪರೇಶನ್ ಆಯಿತು. ಜ್ವರ ಮೂರನೆಯ ದಿನಕ್ಕೆ ಇಳಿಯಿತು.

ಆಮೇಲೆ ಮೂರು ತಿಂಗಳು ಅವರಿಗೆ ಅಭ್ಯಾಸ ಮಾಡಿಸಲು ಚಿಮ್ಮಡದ ಅವರ ಮನೆಗೆ ಹೋಗುತ್ತಿದ್ದೆ. ಬಾಯಿಯ ಒಳಗಿನ ದನಿಗಳು ಒಂದೊಂದಾಗಿ ಬಂದವು. ಬಿಡಿ ಮಾತುಗಳು ಬಂದವು. ಎರಡು ಮಾತು ಜೋಡಿಸುವುದು ಬಂತು. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತಿದ್ದ ಅವರು, ನಾನು ಚೀಲ ತೆರೆಯುವ ಮೊದಲೇ ಕೈ ಎತ್ತಿ ತಡೆದರು. ಹೇಳಬೇಕಾದದ್ದನ್ನು ಮೊದಲೇ ಜೋಡಿಸಿಟ್ಟುಕೊಂಡಿದ್ದರೆಂದು ಮುಖದಿಂದಲೇ ತಿಳಿಯಿತು.

"ಸ್ವಾಮಾರ... ನಾ... ಬ್ಯಾಡ... ಅಂದಿದ್ದೆ."

ಆ ಸೋಮವಾರದ ಮಾತು. ನನ್ನ ಕೈ ಚೀಲದ ಮೇಲೆ ನಿಂತಿತು. "ಗುರುವಾರ?"

"ಗುರುವಾರ... ಬೇಕ."

"ಯಾಕ ಮನಸ್ಸ ಬದಲಾತು ಅಕ್ಕಾರ?"

ಬಹಳ ಹೊತ್ತು ಹಿಡಿಯಿತು. "ಸ್ವಾಮಾರ... ಎಲ್ಲಾರೂ... ಹೇಳಿದ್ರಿ." ಉಸಿರು ಎಳೆದುಕೊಂಡರು. "ಆಮ್ಯಾಲ... ಕೇಳಿದ್ರಿ."

ಸರ್ಜನ್‌ರ ಮುಂದೆ ತಪ್ಪು ಒಪ್ಪಿಕೊಂಡಿದ್ದೆ. ತಮ್ಮನ ಮುಂದೆ, ಮಗಳ ಮುಂದೆ ಒಪ್ಪಿಕೊಂಡಿದ್ದೆ. ಇವರ ಮುಂದೆ ಒಪ್ಪಿಕೊಂಡಿರಲಿಲ್ಲ. ಆ ನಾಲ್ಕು ದಿನ ಇವರ ಬಾಯಿಯ ಮುಂದೆಯೇ ಕೂತಿದ್ದರೂ ಅದು ನನಗೆ ಹೊಳೆದಿರಲಿಲ್ಲ.

"ನನ್ನ ತಪ್ಪಾತ್ರಿ ಅಕ್ಕಾರ," ಎಂದೆ.

'ಇರ್ಲಿ ಬಿಡ್ರಿ' ಎನ್ನಲು ಅವರಿಗೆ ಬರುತ್ತಿತ್ತು. ಅದನ್ನು ನಾವು ಎರಡು ವಾರ ಅಭ್ಯಾಸ ಮಾಡಿದ್ದೆವು. ಅವರು ನನ್ನನ್ನು ನೋಡಿ, "ಹೂಂ," ಎಂದರು.